ಎಪಿಯೂಸಿಯೊಸ್: ರೊಟ್ಟಿ ಕೇಳುವ ಸಾಲಿನ ಆ ಒಂದು ಪದ

ಯೇಸು ಶಿಷ್ಯರಿಗೆ ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ ತೀರಾ ಸುಲಭದ ಸಾಲು ಯಾವುದು ಅಂತ ಕೇಳಿದರೆ ಹೆಚ್ಚಿನವರು ಊಟದ ಸಾಲನ್ನೇ ತೋರಿಸುತ್ತಾರೆ. ‘ನಮ್ಮ ಅನುದಿನದ ಆಹಾರವನ್ನು ಈಹೊತ್ತು ನಮಗೆ ದಯಪಾಲಿಸು.’ ದೇವರ ರಾಜ್ಯ, ಶೋಧನೆ, ಕೇಡು ಇವಕ್ಕೆಲ್ಲ ಯಾರಾದರೂ ಕೂತು ವಿವರಿಸಬೇಕು. ಹಸಿವಿಗೆ ಏನು ವಿವರಣೆ? ಚಿಕ್ಕ ಮಗುವಿಗೂ ಗೊತ್ತಾಗುತ್ತದೆ. ಆದರೆ ಇಡೀ ಪ್ರಾರ್ಥನೆಯಲ್ಲಿ ಪಂಡಿತರನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿದ ಪದ ಇರುವುದು ಇದೇ ಸಾಲಿನಲ್ಲಿ. ನಾವು ‘ಅನುದಿನದ’ ಎಂದು ಓದುವ ಜಾಗದಲ್ಲಿ ಮೂಲ ಗ್ರೀಕಿನಲ್ಲಿ ಇರುವುದು ‘ಎಪಿಯೂಸಿಯೊಸ್’. ಅದರ ಅರ್ಥ ಇದೇ ಅಂತ ಖಚಿತವಾಗಿ ಹೇಳಬಲ್ಲವರು 3ನೇ ಶತಮಾನದಲ್ಲೂ ಇರಲಿಲ್ಲ, ಇವತ್ತೂ ಇಲ್ಲ.

ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯ, 11ನೇ ವಚನ. ಗ್ರೀಕಿನಲ್ಲಿ ಹೀಗಿದೆ: ‘ತೊನ್ ಆರ್ತೊನ್ ಹೇಮೋನ್ ತೊನ್ ಎಪಿಯೂಸಿಯೊನ್ ದೊಸ್ ಹೇಮಿನ್ ಸೇಮೆರೊನ್.’ ಒಂದೊಂದೇ ಪದ ಬಿಡಿಸೋಣ. ಆರ್ತೊಸ್ ಅಂದರೆ ರೊಟ್ಟಿ. ಹೇಮೋನ್ ಅಂದರೆ ನಮ್ಮ. ದೊಸ್, ಕೊಡು. ಹೇಮಿನ್, ನಮಗೆ. ಸೇಮೆರೊನ್, ಇವತ್ತು. ಎಲ್ಲವೂ ಸಂತೆಯಲ್ಲಿ, ಅಡುಗೆಮನೆಯಲ್ಲಿ ದಿನಾ ಆಡುವ ಮಾತುಗಳು. ಉಳಿದದ್ದು ಒಂದೇ ಪದ. ಆ ರೊಟ್ಟಿ ಎಂಥ ರೊಟ್ಟಿ ಅಂತ ಹೇಳುವ ವಿಶೇಷಣ ಅದು.

‘ಅನುದಿನದ’ ಅಂತ ಇಟ್ಟುಕೊಂಡರೆ ಆಯ್ತಲ್ಲ, ಅದರಲ್ಲಿ ತೊಂದರೆ ಏನು? ಮೂರು ಕಡೆ ಅದು ಸರಿಯಾಗಿ ಕೂರುವುದಿಲ್ಲ.

ಮೊದಲನೆಯದು, ಸಾಲಿನಲ್ಲಿ ಆಗಲೇ ‘ಇವತ್ತು’ ಇದೆ. ಅದರ ಜೊತೆ ‘ದಿನದ’ ಅಂತಲೂ ಸೇರಿಸುವ ಅಗತ್ಯ ಅಷ್ಟಾಗಿ ಕಾಣುವುದಿಲ್ಲ. ಎರಡನೆಯದು ಇನ್ನೂ ಗಟ್ಟಿ. ಲೂಕನ ಸುವಾರ್ತೆಯ 11ನೇ ಅಧ್ಯಾಯದಲ್ಲಿ ಇದೇ ಪ್ರಾರ್ಥನೆ ಸ್ವಲ್ಪ ಬೇರೆ ರೂಪದಲ್ಲಿ ಬರುತ್ತದೆ. ಮತ್ತಾಯ ‘ಇವತ್ತು ಕೊಡು’ ಎಂದರೆ ಲೂಕ ‘ತೊ ಕಥ್ ಹೇಮೆರಾನ್’ ಎನ್ನುತ್ತಾನೆ. ಅಂದರೆ ‘ದಿನದಿನವೂ’. ಕ್ರಿಯಾಪದವನ್ನೂ ಅದಕ್ಕೆ ತಕ್ಕಂತೆ ಬದಲಿಸಿದ್ದಾನೆ. ಮತ್ತಾಯನ ‘ದೊಸ್’ ಒಂದು ಸಲ ಕೊಡು ಎನ್ನುವ ರೂಪ. ಲೂಕನ ‘ದಿದೂ’ ಕೊಡುತ್ತಾ ಇರು ಎನ್ನುವ ರೂಪ. ಆದರೆ ಎಪಿಯೂಸಿಯೊಸ್ ಮಾತ್ರ ಇಬ್ಬರಲ್ಲೂ ಹಾಗೇ ಇದೆ. ಅದರ ಅರ್ಥ ‘ದಿನನಿತ್ಯದ’ ಎಂದೇ ಆಗಿದ್ದರೆ ಲೂಕ ‘ದಿನನಿತ್ಯದ ರೊಟ್ಟಿಯನ್ನು ದಿನನಿತ್ಯ ಕೊಡುತ್ತಿರು’ ಅಂದ ಹಾಗಾಯಿತು. ಚೆಂದದ ಗ್ರೀಕ್ ಬರೆಯುತ್ತಿದ್ದ ಲೂಕ ಹೀಗೆ ಬರೆದಾನೇ ಅನ್ನುವುದು ಪ್ರಶ್ನೆ.

ಮೂರನೆಯದು, ‘ದಿನದ ಊಟ’ ಎನ್ನಲು ಗ್ರೀಕಿನಲ್ಲಿ ಸಲೀಸಾದ ಮಾತು ಆಗಲೇ ಇತ್ತು. ಹೊಸ ಒಡಂಬಡಿಕೆಯಲ್ಲೇ ಅದು ಸಿಗುತ್ತದೆ. ಯಾಕೋಬನ ಪತ್ರದ 2ನೇ ಅಧ್ಯಾಯದಲ್ಲಿ, ಬಟ್ಟೆಯಿಲ್ಲದೆ, ಆ ದಿನದ ಊಟಕ್ಕೂ ಗತಿಯಿಲ್ಲದೆ ಇರುವ ಸಹೋದರನ ಮಾತು ಬರುತ್ತದಲ್ಲ, ಅಲ್ಲಿ ಬಳಸಿರುವುದು ‘ಎಫೇಮೆರೊಸ್’. ಎಲ್ಲರಿಗೂ ಗೊತ್ತಿದ್ದ ಪದ. ಇಂಥ ಪದ ಕೈಯಲ್ಲೇ ಇರುವಾಗ ಸುವಾರ್ತೆ ಬರೆದವರು ಯಾರಿಗೂ ಗೊತ್ತಿಲ್ಲದ ಪದವನ್ನು ಸುಮ್ನೆ ಹುಡುಕಿಕೊಂಡು ಹೋಗಿರಲಾರರು.

ಯಾರಿಗೂ ಗೊತ್ತಿಲ್ಲದ ಪದ ಅಂದೆ. ಉತ್ಪ್ರೇಕ್ಷೆ ಅಲ್ಲ. ಅಲೆಕ್ಸಾಂಡ್ರಿಯದಲ್ಲಿ ಬೆಳೆದ ಕ್ರೈಸ್ತ ಪಂಡಿತ ಒರಿಗೆನ್ 3ನೇ ಶತಮಾನದ ಮೊದಲ ಅರ್ಧದಲ್ಲಿ ಪ್ರಾರ್ಥನೆಯ ಬಗ್ಗೆ ಒಂದು ಗ್ರಂಥ ಬರೆದ. ಗ್ರೀಕ್ ಅವನ ಮಾತೃಭಾಷೆ. ಪ್ಲೇಟೋನಿಂದ ಹಿಡಿದು ಅವನು ಓದದ ಗ್ರೀಕ್ ಲೇಖಕರು ಕಡಿಮೆ. ಅವನೇ ಅಲ್ಲಿ ಹೇಳುತ್ತಾನೆ: ಈ ಪದವನ್ನು ಗ್ರೀಕ್ ಪಂಡಿತರು ಯಾರೂ ಬಳಸಿಲ್ಲ, ಜನಸಾಮಾನ್ಯರ ಬಾಯಲ್ಲೂ ಇಲ್ಲ, ಸುವಾರ್ತೆ ಬರೆದವರೇ ಇದನ್ನು ಕಟ್ಟಿದಂತಿದೆ. ಈ ಮಾತಿಗೆ ತೂಕ ಇದೆ. ಸುವಾರ್ತೆಗಳು ಬರೆದು 150 ವರ್ಷ ಆಗಿತ್ತು ಅಷ್ಟೇ, ಭಾಷೆ ಜೀವಂತವಾಗಿತ್ತು. ಆಗಲೇ ಪದ ಒಗಟಾಗಿತ್ತು.

ಮತ್ತಾಯ, ಲೂಕ ಬಿಟ್ಟರೆ ಅದೇ ಕಾಲದ ಆಸುಪಾಸಿನಲ್ಲಿ ಈ ಪದ ಸಿಗುವ ಮೂರನೇ ಜಾಗ ‘ದಿದಾಖೆ’ ಎಂಬ ಪುಟ್ಟ ಕೈಪಿಡಿ. ತೀರಾ ಮೊದಲ ತಲೆಮಾರುಗಳ ಕ್ರೈಸ್ತ ಸಭೆಗಳ ನಡಾವಳಿ ಅದರಲ್ಲಿದೆ. ಹೆಸರು ಗೊತ್ತಿತ್ತು, ಪುಸ್ತಕ ಕಳೆದುಹೋಗಿತ್ತು. 1873ರಲ್ಲಿ ಫಿಲೊಥೆಯೊಸ್ ಬ್ರಿಯೆನಿಯೊಸ್ ಎಂಬ ಗ್ರೀಕ್ ಧರ್ಮಾಧ್ಯಕ್ಷರಿಗೆ ಕಾನ್‌ಸ್ಟಾಂಟಿನೋಪಲ್‌ನಲ್ಲಿ 1056ರಲ್ಲಿ ನಕಲು ಮಾಡಿದ ಹಸ್ತಪ್ರತಿಯೊಂದರೊಳಗೆ ಅದು ಸಿಕ್ಕಿತು. ಆದರೆ ಅಲ್ಲೂ ಈ ಪದ ಇರುವುದು ಇದೇ ಪ್ರಾರ್ಥನೆಯೊಳಗೆ. ಆದ್ದರಿಂದ ಅರ್ಥಕ್ಕೆ ಹೊಸ ಸುಳಿವೇನೂ ಸಿಗಲಿಲ್ಲ. ಪ್ರಾರ್ಥನೆಯ ಹೊರಗೆ, ಬೇರೆ ಯಾವುದೋ ವಾಕ್ಯದಲ್ಲಿ, ಬೇರೆ ಯಾವುದೋ ವಸ್ತುವಿಗೆ ಬಳಸಿದ ಒಂದು ಉದಾಹರಣೆ ಬೇಕಿತ್ತು.

ಅಂಥದ್ದೊಂದು ಸಿಕ್ಕಿಯೇಬಿಟ್ಟಿತು ಎಂದು ಬಹಳ ಕಾಲ ನಂಬಲಾಗಿತ್ತು. ಈ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಈಜಿಪ್ಟಿನ ಫಯೂಮ್ ಪ್ರದೇಶದಲ್ಲಿ ಹವಾರಾ ಎಂಬ ಜಾಗವಿದೆ. 1880ರ ದಶಕದ ಕೊನೆಯಲ್ಲಿ ಬ್ರಿಟಿಷ್ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಅಲ್ಲಿ ಉತ್ಖನನ ಮಾಡಿದರು. ಮರಳಿನೊಳಗಿಂದ ರಾಶಿ ಪಪೈರಸ್ ಚೂರುಗಳು, ಅಂದರೆ ಜೊಂಡಿನಿಂದ ಮಾಡಿದ ಹಳೆಯ ಹಾಳೆಯ ತುಂಡುಗಳು, ಬಂದವು. ಅವನ್ನು ಓದಿ ಬರೆದುಕೊಟ್ಟವರು ಆಕ್ಸ್‌ಫರ್ಡಿನ ಎ. ಎಚ್. ಸೇಸ್. 1889ರಲ್ಲಿ ಪ್ರಕಟವಾದ ಆ ಬರಹಗಳಲ್ಲಿ ಒಂದು ಮನೆಖರ್ಚಿನ ಪಟ್ಟಿ. ಯಾವುದಕ್ಕೆ ಎಷ್ಟು ಕಾಸು ಅಂತ ಯಾರೋ ಗೀಚಿಟ್ಟದ್ದು. ಅದರ ಒಂದು ಸಾಲಿನಲ್ಲಿ ‘ಎಪಿಯೂಸಿ’ ಎಂಬ ಅಕ್ಷರಗಳಿವೆ, ಮುಂದೆ ಹರಿದಿದೆ ಎಂದು ಸೇಸ್ ಬರೆದಿದ್ದರು. ಆಗ ಅದನ್ನು ಯಾರೂ ಗಮನಿಸಲಿಲ್ಲ. 1915ರಲ್ಲಿ ಫ್ರೀಡ್ರಿಖ್ ಪ್ರೈಸಿಗ್ಕೆ ಎಂಬ ಜರ್ಮನ್ ವಿದ್ವಾಂಸ ಹಳೆಯ ಪಪೈರಸ್‌ಗಳ ಸಂಗ್ರಹದಲ್ಲಿ ಆ ಪಟ್ಟಿಯನ್ನು ಮತ್ತೆ ಅಚ್ಚುಹಾಕಿಸಿದರು. ಮುಂದಿನ ದಶಕದಲ್ಲಿ ಅದು ಬೈಬಲ್ ಪಂಡಿತರ ಕಣ್ಣಿಗೆ ಬಿತ್ತು. ಅವರಿಗೆ ಆದ ಸಂತೋಷ ಊಹಿಸಿಕೊಳ್ಳಬಹುದು. ಒರಿಗೆನ್‌ಗೂ ಸಿಗದ ಪದ ಒಂದು ಸಾಮಾನ್ಯ ಮನೆಯ ಲೆಕ್ಕದ ಚೀಟಿಯಲ್ಲಿ ಸಿಕ್ಕಿದೆ! ಖರ್ಚಿನ ಪಟ್ಟಿಯಲ್ಲಿ ಇದೆ ಅಂದಮೇಲೆ ಅದು ದಿನದ ಪಡಿಯೇ ಇರಬೇಕು ಎಂದು ಲೆಕ್ಕ ಹಾಕಿದರು. ನಿಘಂಟುಗಳಲ್ಲೂ ಇದು ಸೇರಿಕೊಂಡಿತು.

ತೊಂದರೆ ಏನೆಂದರೆ, ಮೂಲ ಚೂರು ಎಲ್ಲಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಸೇಸ್ ಅವರ ಓದನ್ನು ಬಿಟ್ಟರೆ ಬೇರೆ ಆಧಾರ ಇರಲಿಲ್ಲ. ಸೇಸ್ ಹತ್ತಾರು ಭಾಷೆ ಬಲ್ಲವರು ನಿಜ, ಆದರೆ ಪಪೈರಸ್ ಓದುವುದರಲ್ಲಿ ಎಡವುತ್ತಾರೆ ಎಂದು ಬಲ್ಲವರು ಹೇಳುತ್ತಿದ್ದರು. ಹೊಸ ಒಡಂಬಡಿಕೆಯ ಹಸ್ತಪ್ರತಿಗಳ ತಜ್ಞ ಬ್ರೂಸ್ ಮೆಟ್ಸ್‌ಗರ್ 1957ರಲ್ಲಿ ಈ ಸಾಕ್ಷಿಯನ್ನು ಪೂರಾ ನಂಬುವಂತಿಲ್ಲ ಎಂದು ಎಚ್ಚರಿಸಿದರು. ಕೊನೆಗೆ 1998ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬೈನೆಕಿ ಗ್ರಂಥಾಲಯದಲ್ಲಿ ಆ ಚೂರು ಪತ್ತೆಯಾಯಿತು. ನೈಮನ್ ಮತ್ತು ವೊರ್ಪ್ ಎಂಬ ಇಬ್ಬರು ವಿದ್ವಾಂಸರು ಅದನ್ನು ಮತ್ತೆ ಓದಿ 1999ರಲ್ಲಿ ಬರೆದರು. ಅಲ್ಲಿದ್ದದ್ದು ‘ಎಲಾಯೂ’. ಅಂದರೆ ಎಣ್ಣೆ. ಮನೆಗೆ ತಂದ ಎಣ್ಣೆಯ ಲೆಕ್ಕ ಅಷ್ಟೇ. ಹೀಗೆ ಪದ ಮತ್ತೆ ಒಂಟಿಯಾಯಿತು. ಹಳೆಯ ಪುಸ್ತಕಗಳಲ್ಲಿ, ಪ್ರಸಂಗಗಳಲ್ಲಿ ‘ಈಜಿಪ್ಟಿನ ದಿನಸಿ ಪಟ್ಟಿಯಲ್ಲಿ ಈ ಪದ ಸಿಕ್ಕಿದೆ’ ಎಂಬ ಮಾತು ಈಗಲೂ ಕಿವಿಗೆ ಬೀಳುವುದುಂಟು. ಅದನ್ನು ಬಿಟ್ಟುಬಿಡುವುದು ಒಳ್ಳೆಯದು.

ಹೊರಗಿನ ಸಾಕ್ಷಿ ಇಲ್ಲ ಅಂದಮೇಲೆ ಪದವನ್ನೇ ಒಡೆದು ನೋಡಬೇಕು. ಕನ್ನಡ ವ್ಯಾಕರಣ ಶಾಲೆಯಲ್ಲಿ ಕಲಿತವರಿಗೆ ಇದು ಕಷ್ಟವಲ್ಲ, ಯಾಕೆಂದರೆ ಇಲ್ಲಿರುವುದು ಸಂಧಿಯ ಪ್ರಶ್ನೆ. ಮೊದಲ ಭಾಗ ‘ಎಪಿ’ ಎಂಬ ಉಪಸರ್ಗ. ಮೇಲೆ, ಕಡೆಗೆ, -ಕ್ಕಾಗಿ ಎಂಬ ಅರ್ಥಗಳು ಅದಕ್ಕಿವೆ. ಇದರಲ್ಲಿ ಜಗಳವಿಲ್ಲ. ಎರಡನೇ ಭಾಗದಲ್ಲಿ ದಾರಿ ಕವಲೊಡೆಯುತ್ತದೆ.

ಒಂದು ದಾರಿ: ಎಪಿ ಜೊತೆ ‘ಊಸಿಯಾ’. ಇರುವಿಕೆ, ಸತ್ವ, ತತ್ವಶಾಸ್ತ್ರದ ಮಾತಿನಲ್ಲಿ ಸಾರ. ಹೀಗೆ ಬಿಡಿಸಿದರೆ ‘ಇರುವುದಕ್ಕೆ ಬೇಕಾದ ರೊಟ್ಟಿ’ ಅಥವಾ ‘ಸತ್ವಕ್ಕೂ ಮೇಲಿನ ರೊಟ್ಟಿ’ ಆಗುತ್ತದೆ. ಇನ್ನೊಂದು ದಾರಿ: ಎಪಿ ಜೊತೆ ‘ಹೋಗು, ಬರು’ ಎಂಬ ಅರ್ಥದ ‘ಇಯೆನಾಯ್’ ಧಾತು. ಇವೆರಡೂ ಸೇರಿ ಬರುವ ಕೃದಂತ ‘ಎಪಿಯೂಸಾ’. ಬರುತ್ತಿರುವ, ಮುಂದಿನ ಎಂದರ್ಥ. ಹೀಗೆ ಬಿಡಿಸಿದರೆ ‘ಬರುವ ದಿನದ ರೊಟ್ಟಿ’.

ಈಗ ಸಂಧಿ ನೋಡಿ. ನಮ್ಮಲ್ಲಿ ‘ಊರು’ ಮುಂದೆ ‘ಅಲ್ಲಿ’ ಬಂದರೆ ‘ಊರಲ್ಲಿ’ ಆಗುತ್ತದೆ, ಉಕಾರ ಬಿದ್ದುಹೋಗುತ್ತದೆ. ಲೋಪಸಂಧಿ. ಗ್ರೀಕಿನಲ್ಲೂ ‘ಎಪಿ’ ಮುಂದೆ ಸ್ವರ ಬಂದರೆ ಸಾಮಾನ್ಯವಾಗಿ ಇಕಾರ ಬೀಳುತ್ತದೆ. ಎಪಿ ಮತ್ತು ‘ಊರಾನೊಸ್’ ಅಂದರೆ ಆಕಾಶ, ಎರಡೂ ಸೇರಿದರೆ ‘ಎಪೂರಾನಿಯೊಸ್’. ಪರಲೋಕದ ಎಂಬ ಅರ್ಥದಲ್ಲಿ ಈ ಪದ ಹೊಸ ಒಡಂಬಡಿಕೆಯಲ್ಲಿ ಎಷ್ಟೋ ಕಡೆ ಬರುತ್ತದೆ. ಅದೇ ಲೆಕ್ಕದಲ್ಲಿ ಎಪಿ ಮತ್ತು ಊಸಿಯಾ ಸೇರಿದರೆ ‘ಎಪೂಸಿಯೊಸ್’ ಆಗಬೇಕಿತ್ತು. ಆದರೆ ನಮ್ಮ ಪದದಲ್ಲಿ ಇಕಾರ ಗಟ್ಟಿಯಾಗಿ ಉಳಿದಿದೆ. ಎರಡನೇ ದಾರಿಯಲ್ಲಿ ಈ ತೊಡಕಿಲ್ಲ, ಏಕೆಂದರೆ ಆ ಇಕಾರ ಧಾತುವಿನದ್ದೇ. ಉಪಸರ್ಗದ ಇಕಾರ ಬಿದ್ದರೂ ಧಾತುವಿನದ್ದು ಉಳಿಯುತ್ತದೆ.

ಇದೊಂದರಿಂದಲೇ ತೀರ್ಪು ಕೊಡಲು ಆಗುವುದಿಲ್ಲ. ‘ಎಪಿಯೇಕೇಸ್’ ಎಂಬ ಪದದಲ್ಲಿ ಇಕಾರ ಬಿದ್ದಿಲ್ಲ. ಅಲ್ಲಿ ನಡುವೆ ಹಿಂದೆ ವಕಾರದಂಥ ಒಂದು ಧ್ವನಿ ಇತ್ತು, ಆಮೇಲೆ ಸವೆದುಹೋಯಿತು. ಊಸಿಯಾಗೆ ಅಂಥ ಇತಿಹಾಸ ಇಲ್ಲ, ನಿಜ. ಆದರೆ ಒರಿಗೆನ್ ಗ್ರೀಕ್ ಆಡುತ್ತಲೇ ಬೆಳೆದವನು, ಅವನೇ ಊಸಿಯಾ ದಾರಿಯನ್ನು ಒಪ್ಪಿಕೊಂಡಿದ್ದ. ‘ಪೆರಿಯೂಸಿಯೊಸ್’ ಎಂಬ ಪದವನ್ನು ಪಕ್ಕದಲ್ಲಿಟ್ಟು ಹೋಲಿಸಿದ್ದ. ಸ್ವಂತ ಆಸ್ತಿಯಾದ, ವಿಶೇಷವಾದ ಎಂಬ ಅರ್ಥದಲ್ಲಿ ಅದು ವಿಮೋಚನಕಾಂಡದ ಗ್ರೀಕ್ ಅನುವಾದದಲ್ಲಿ ಬರುತ್ತದೆ. ಆದರೆ ‘ಪೆರಿ’ ಎಂಬ ಉಪಸರ್ಗ ತನ್ನ ಇಕಾರವನ್ನು ಬಿಟ್ಟುಕೊಡುವುದೇ ಇಲ್ಲ. ‘ಎಪಿ’ ಹಾಗಲ್ಲ. ಹೋಲಿಕೆ ಕಿವಿಗೆ ಹಿತವಾಗಿದೆ, ವ್ಯಾಕರಣಕ್ಕೆ ಅಷ್ಟು ನೆರವಾಗುವುದಿಲ್ಲ.

‘ಎಪಿಯೂಸಾ’ ಮಾತ್ರ ಜನ ದಿನವೂ ಆಡುತ್ತಿದ್ದ ಮಾತು. ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯ ತೆಗೆಯಿರಿ. ಪೌಲ ಮತ್ತು ಜೊತೆಯವರು ತ್ರೋವದಿಂದ ಹಡಗು ಹತ್ತಿ ನೇರವಾಗಿ ಸಮೊಥ್ರಾಕೆ ದ್ವೀಪಕ್ಕೆ ಹೋಗುತ್ತಾರೆ, ‘ಮರುದಿನ’ ನೆಯಾಪೊಲಿಗೆ. ಆ ‘ಮರುದಿನ’ ಗ್ರೀಕಿನಲ್ಲಿ ‘ತೇ ಎಪಿಯೂಸೇ’. ಬರೆದವನು ಅದೇ ಲೂಕ. ಜ್ಞಾನೋಕ್ತಿಗಳ 27ನೇ ಅಧ್ಯಾಯದಲ್ಲಿ ‘ನಾಳೆಯ ಬಗ್ಗೆ ಕೊಚ್ಚಿಕೊಳ್ಳಬೇಡ’ ಎಂಬ ಬುದ್ಧಿಮಾತಿದೆಯಲ್ಲ, ಅದರ ಗ್ರೀಕ್ ಅನುವಾದದಲ್ಲೂ ಬರುವ ದಿನ ಏನನ್ನು ಹೆರುತ್ತದೋ ಎನ್ನುವಲ್ಲಿ ಇದೇ ಎಪಿಯೂಸಾ ಇದೆ.

ಇನ್ನೊಂದು ಉದಾಹರಣೆ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಕ್ರಿಸ್ತಪೂರ್ವ 399, ಅಥೆನ್ಸಿನ ಸೆರೆಮನೆ. ಇನ್ನೂ ಬೆಳಕು ಹರಿದಿಲ್ಲ. ಸಾಕ್ರಟೀಸನ ಪಕ್ಕ ಗೆಳೆಯ ಕ್ರಿಟೋ ಬಂದು ಕೂತಿದ್ದಾನೆ. ದೇಲೊಸ್ ದ್ವೀಪಕ್ಕೆ ಪವಿತ್ರ ಯಾತ್ರೆ ಹೋದ ಹಡಗು ವಾಪಸ್ ಬಂದ ಮಾರನೇ ದಿನ ಸಾಕ್ರಟೀಸ್ ವಿಷ ಕುಡಿಯಬೇಕು. ಹಡಗು ಇವತ್ತೇ ಬರುವಂತಿದೆ ಎಂದು ಕ್ರಿಟೋ ಹೇಳುತ್ತಾನೆ. ಸಾಕ್ರಟೀಸ್ ತಾನು ಕಂಡ ಕನಸನ್ನು ನೆನೆದು, ಹಡಗು ‘ಬರುವ ದಿನ’ ಬರುವುದಿಲ್ಲ, ಅದರ ಮುಂದಿನ ದಿನ ಬರುತ್ತದೆ ಎನ್ನುತ್ತಾನೆ. ಪ್ಲೇಟೋ ಅಲ್ಲಿ ಬಳಸಿರುವುದು ‘ಎಪಿಯೂಸಾ ಹೇಮೆರಾ’. ಗಮನಿಸಿ, ಅಲ್ಲಿ ಅದರ ಅರ್ಥ ನಾಳೆ ಅಲ್ಲ. ಇನ್ನೇನು ಹರಿಯಲಿರುವ ಇವತ್ತು. ಅಂದರೆ ಈ ಮಾತಿಗೆ ಕ್ಯಾಲೆಂಡರಿನ ಲೆಕ್ಕ ಇಲ್ಲ. ನೀವು ನಿಂತಿರುವ ಹೊತ್ತಿನಿಂದ ಮುಂದೆ ಬರುವ ಮೊದಲ ಹಗಲು ಯಾವುದೋ ಅದೇ ಎಪಿಯೂಸಾ. ನಸುಕಿನಲ್ಲಿ ಹೇಳಿದರೆ ಇವತ್ತು, ರಾತ್ರಿ ಹೇಳಿದರೆ ನಾಳೆ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲ ದಾರಿಯ ಬಗ್ಗೆಯೂ ಹೇಳಬೇಕಾದ್ದಿದೆ, ಯಾಕೆಂದರೆ ಕ್ರೈಸ್ತ ಜಗತ್ತಿನ ಭಕ್ತಿಯಲ್ಲಿ ಅದು ಬಿಟ್ಟುಹೋದ ಗುರುತು ದೊಡ್ಡದು. 4ನೇ ಶತಮಾನದ ಕೊನೆಗೆ ಪೋಪ್ ದಮಾಸಸ್ ಅವರ ಮಾತಿನ ಮೇಲೆ ಬೈಬಲ್ ಪಂಡಿತ ಜೆರೋಮ್ ಲ್ಯಾಟಿನ್ ಸುವಾರ್ತೆಗಳನ್ನು ತಿದ್ದಲು ಕೂತರು. ಹಳೆಯ ಲ್ಯಾಟಿನ್‌ನಲ್ಲಿ ‘ಕೊತಿದಿಯಾನುಮ್’, ಅಂದರೆ ದಿನನಿತ್ಯದ ಎಂದಿತ್ತು. ಜೆರೋಮ್ ಲೂಕನಲ್ಲಿ ಅದನ್ನು ಹಾಗೇ ಬಿಟ್ಟರು. ಮತ್ತಾಯನಲ್ಲಿ ಮಾತ್ರ ‘ಸೂಪರ್‌ಸಬ್‌ಸ್ಟಾನ್ಷಿಯಾಲೆಮ್’ ಎಂಬ ಪದ ಇಟ್ಟರು. ಎಪಿಗೆ ‘ಸೂಪರ್’, ಊಸಿಯಾಗೆ ‘ಸಬ್‌ಸ್ಟಾನ್ಷಿಯಾ’, ಕಣ್ಣಿಗೆ ಕಂಡ ಹಾಗೆ ತುಂಡುತುಂಡಾಗಿ ಅನುವಾದ. ಗ್ರೀಕಿನಲ್ಲಿ ಒಂದೇ ಪದ, ಒಬ್ಬನೇ ಅನುವಾದಕ, ಎರಡು ಸುವಾರ್ತೆಯಲ್ಲಿ ಎರಡು ಅರ್ಥ!

ಜೆರೋಮರ ಪದಕ್ಕೆ ಹಿನ್ನೆಲೆ ಇಲ್ಲದಿಲ್ಲ. ಯೆರೂಸಲೇಮಿನಲ್ಲಿ ಧರ್ಮಾಧ್ಯಕ್ಷ ಸಿರಿಲ್‌ರ ಹೆಸರಿನಲ್ಲಿ ಉಳಿದಿರುವ 4ನೇ ಶತಮಾನದ ಬೋಧನೆಗಳಲ್ಲಿ, ನಾವು ತಿನ್ನುವ ಮಾಮೂಲಿ ರೊಟ್ಟಿ ಎಪಿಯೂಸಿಯೊಸ್ ಅಲ್ಲ, ಬಲಿಪೂಜೆಯ ಪವಿತ್ರ ರೊಟ್ಟಿಯೇ ಎಪಿಯೂಸಿಯೊಸ್ ಎಂಬ ಮಾತಿದೆ. ಪ್ರಭುಭೋಜನದ ರೊಟ್ಟಿಯನ್ನೇ ಈ ಸಾಲು ಕೇಳುತ್ತಿದೆ ಎಂಬ ಓದು ಹೀಗೆ ಗಟ್ಟಿಯಾಯಿತು. ಈ ಒಂದು ಪದ ಮುಂದೆ ಜಗಳಕ್ಕೂ ಕಾರಣವಾಯಿತು. 12ನೇ ಶತಮಾನದಲ್ಲಿ ಫ್ರಾನ್ಸಿನ ಪ್ಯಾರಾಕ್ಲೀಟ್ ಮಠದಲ್ಲಿ ಎಲೋಯಿಸ್ ಮತ್ತು ಅಲ್ಲಿನ ಸನ್ಯಾಸಿನಿಯರು ಪ್ರಾರ್ಥನೆಯಲ್ಲಿ ಮತ್ತಾಯನ ಉದ್ದ ಪದವನ್ನೇ ಹೇಳುತ್ತಿದ್ದರು. ಅಲ್ಲಿಗೆ ಬಂದ ಕ್ಲೆರ್ವೋ ಮಠದ ಮುಖ್ಯಸ್ಥ ಬರ್ನಾರ್ಡ್‌ರಿಗೆ ಇದು ಸರಿ ಕಾಣಲಿಲ್ಲ. ಪ್ಯಾರಾಕ್ಲೀಟ್ ಮಠವನ್ನು ಕಟ್ಟಿದ ಪಂಡಿತ ಪೀಟರ್ ಅಬೆಲಾರ್ಡ್, ಬರ್ನಾರ್ಡ್‌ರಿಗೆ ಪತ್ರ ಬರೆದು ಆ ಪದವನ್ನು ಸಮರ್ಥಿಸಿಕೊಂಡರು. ದಕ್ಷಿಣ ಫ್ರಾನ್ಸಿನಲ್ಲಿ ಚರ್ಚಿನಿಂದ ಬೇರೆಯಾಗಿದ್ದ ಕಥಾರರು ಎಂಬ ಪಂಗಡದವರೂ ಇದೇ ಪದ ಹೇಳುತ್ತಿದ್ದರು. ಅವರಿಗೆ ಈ ಲೋಕದ ರೊಟ್ಟಿಯನ್ನು ದೇವರಲ್ಲಿ ಕೇಳುವುದೇ ಒಪ್ಪಿಗೆಯಾಗದ ಮಾತು.

ಇಷ್ಟೆಲ್ಲ ಆದರೂ ಈ ಅರ್ಥ ಸುವಾರ್ತೆಯ ಕಾಲದ್ದು ಎಂದು ಒಪ್ಪಿಕೊಳ್ಳುವುದು ನನಗೆ ಕಷ್ಟ. ಒಂದು ಕಾರಣ ಸಾಕು. ‘ಊಸಿಯಾ’ ಹೊಸ ಒಡಂಬಡಿಕೆಯಲ್ಲಿ ಬರುವುದು ಒಂದೇ ಕಥೆಯಲ್ಲಿ, ಲೂಕನ 15ನೇ ಅಧ್ಯಾಯದ ದುಂದುಗಾರ ಮಗನ ಕಥೆಯಲ್ಲಿ. ‘ಅಪ್ಪಾ, ಆಸ್ತಿಯಲ್ಲಿ ನನಗೆ ಬರಬೇಕಾದ ಪಾಲು ಕೊಡು’ ಎಂದು ಕಿರಿಮಗ ಕೇಳುತ್ತಾನಲ್ಲ, ಆ ‘ಆಸ್ತಿ’ಯೇ ಊಸಿಯಾ. ಆಮೇಲೆ ದೂರದೇಶದಲ್ಲಿ ಅವನು ಹಾಳುಮಾಡುವುದೂ ಅದನ್ನೇ. ಹೊಲ, ದನ, ದುಡ್ಡು. ಊಸಿಯಾ ಅಂದರೆ ದೈವಿಕ ಸಾರ ಎಂದು ಚರ್ಚೆ ಕಾವೇರಿದ್ದು 325ರಲ್ಲಿ ಧರ್ಮಾಧ್ಯಕ್ಷರು ಸೇರಿದ ನಿಕೇಯ ಸಭೆಯ ಸುತ್ತಮುತ್ತ. ಜೆರೋಮ್ ಬೆಳೆದದ್ದು ಆ ಚರ್ಚೆಯ ಗಾಳಿಯಲ್ಲಿ. ಗಲಿಲಾಯದ ಮೀನುಗಾರರು, ಕೂಲಿಯವರು ಕಲಿತ ಪ್ರಾರ್ಥನೆಗೆ ಆ ಗಾಳಿ ತಾಕಿರಲಿಲ್ಲ.

ಊಸಿಯಾ ದಾರಿಯಲ್ಲೇ ನೆಲಕ್ಕೆ ಹತ್ತಿರದ ಇನ್ನೊಂದು ಅರ್ಥ ಇದೆ. ಇರುವುದಕ್ಕೆ, ಬದುಕುವುದಕ್ಕೆ ಬೇಕಾದಷ್ಟು. ಸಿರಿಯಾಕ್ ಭಾಷೆಯ ಪೆಷಿತ್ತಾ ಬೈಬಲ್ ಇದನ್ನೇ ಹಿಡಿಯಿತು. ಅಲ್ಲಿ ‘ಲಹ್ಮಾ ದ್‌ಸುನ್ಕಾನನ್’, ನಮ್ಮ ಅಗತ್ಯದ ರೊಟ್ಟಿ. ಸಿರಿಯಾಕ್ ಪರಂಪರೆಯ ಕೇರಳದ ಕ್ರೈಸ್ತರು ಮಲಯಾಳದಲ್ಲಿ ಈಗಲೂ ‘ಆವಶ್ಯಕಮಾಯ ಆಹಾರಂ’ ಎಂದು ಕೇಳಿಕೊಳ್ಳುತ್ತಾರೆ. ಹಾಗಾಗಿ ನಮ್ಮ ಬೆಳ್ತಂಗಡಿ ಸುತ್ತಮುತ್ತ ಎರಡೂ ಬಗೆಯ ಅನುವಾದಗಳು ಅಕ್ಕಪಕ್ಕದಲ್ಲೇ ಬದುಕುತ್ತಿವೆ. ಕೇರಳದಿಂದ ಬಂದು ನೆಲೆಸಿದ ಸಿರೋ ಮಲಬಾರ್ ಕುಟುಂಬಗಳು ಅಗತ್ಯದ ಆಹಾರ ಕೇಳುತ್ತವೆ, ಕನ್ನಡದಲ್ಲಿ ಪ್ರಾರ್ಥಿಸುವವರು ಅನುದಿನದ ಆಹಾರ ಕೇಳುತ್ತಾರೆ. ಹಳೆಯ ಸಿರಿಯಾಕ್ ಪ್ರತಿಗಳಲ್ಲಿ ಇನ್ನೊಂದೇ ಮಾತಿದೆ, ‘ಅಮೀನಾ’, ಎಡೆಬಿಡದೆ ಸಿಗುವ ರೊಟ್ಟಿ. 4ನೇ ಶತಮಾನದ ಧರ್ಮಾಧ್ಯಕ್ಷ ನೀಸ್ಸದ ಗ್ರೆಗರಿಗೂ ‘ಅಗತ್ಯದಷ್ಟು’ ಎಂಬ ಅರ್ಥವೇ ಇಷ್ಟ. ರೊಟ್ಟಿ ಕೇಳು ಎಂದಿದ್ದಾರೆ, ಐಶ್ವರ್ಯ ಕೇಳು ಎಂದಿಲ್ಲ, ನೇರಳೆ ಬಣ್ಣದ ಬೆಲೆಬಾಳುವ ಉಡುಪನ್ನೂ ಬಂಗಾರದ ಒಡವೆಯನ್ನೂ ಕೇಳು ಎಂದಿಲ್ಲ ಎಂಬುದು ಅವರ ಬೋಧನೆಯ ತಿರುಳು. ಜ್ಞಾನೋಕ್ತಿಗಳ 30ನೇ ಅಧ್ಯಾಯದಲ್ಲಿ ಆಗೂರ ಎಂಬಾತ ‘ಬಡತನವೂ ಬೇಡ, ಸಿರಿಯೂ ಬೇಡ, ನನ್ನ ಪಾಲಿನ ಆಹಾರ ಉಣಿಸು’ ಎಂದು ಬೇಡುತ್ತಾನೆ. ಅದರ ನೆನಪು ಯೇಸುವಿನ ಶಿಷ್ಯರಿಗೆ ಇದ್ದಿರಲೇಬೇಕು.

ಈ ಎಲ್ಲ ಅರ್ಥಗಳ ನಡುವೆ ನನ್ನ ಮನಸ್ಸು ವಾಲುವುದು ‘ಬರುವ ದಿನದ ರೊಟ್ಟಿ’ಯ ಕಡೆಗೆ. ಸಂಧಿ ಒಪ್ಪುತ್ತದೆ. ಮೂಲಪದ ಜನರ ಬಾಯಲ್ಲಿತ್ತು. ಹಳೆಯ ಸಾಕ್ಷಿಯೂ ಇದೆ. ಜೆರೋಮ್ ತಮ್ಮ ಮತ್ತಾಯ ವ್ಯಾಖ್ಯಾನದಲ್ಲಿ ಒಂದು ಮಾತು ಬರೆದಿಟ್ಟಿದ್ದಾರೆ. ‘ಇಬ್ರಿಯರ ಸುವಾರ್ತೆ’ ಎಂದು ಕರೆಯುತ್ತಿದ್ದ, ಈಗ ಕಳೆದುಹೋಗಿರುವ ಪುಸ್ತಕದಲ್ಲಿ ಈ ಜಾಗದಲ್ಲಿ ತಾವು ‘ಮಹಾರ್’ ಎಂಬ ಪದ ಕಂಡದ್ದಾಗಿ. ಹೀಬ್ರೂವಿನಲ್ಲಿ ಮಹಾರ್ ಅಂದರೆ ನಾಳೆ. ಯೇಸು ಆಡುತ್ತಿದ್ದದ್ದು ಅರಮಾಯಿಕ್. ಆ ಭಾಷೆಯ ಕ್ರೈಸ್ತರು ಬಾಯಿಪಾಠವಾಗಿ ಹೇಳುತ್ತಾ ಬಂದ ರೂಪವೇ ಅಲ್ಲಿ ಉಳಿದಿರಬಹುದು ಎಂದು 20ನೇ ಶತಮಾನದ ಜರ್ಮನ್ ವಿದ್ವಾಂಸ ಯೋವಾಖಿಮ್ ಯೆರೆಮಿಯಾಸ್ ವಾದಿಸಿದರು. ಅದೂ ಗ್ರೀಕಿನಿಂದಲೇ ಆದ ಅನುವಾದ ಇದ್ದೀತು ಎನ್ನುವವರೂ ಇದ್ದಾರೆ. ಈಜಿಪ್ಟಿನ ಕಾಪ್ಟಿಕ್ ಭಾಷೆಯ ಬೊಹೈರಿಕ್ ಅನುವಾದದಲ್ಲೂ ‘ನಾಳೆಯ’ ಎಂದೇ ಇದೆ.

ಇದಕ್ಕೆ ಬರುವ ದೊಡ್ಡ ಆಕ್ಷೇಪಣೆ ನಿಮಗೂ ಹೊಳೆದಿರಬಹುದು. ಅದೇ ಅಧ್ಯಾಯದ ಕೊನೆಯಲ್ಲಿ ಯೇಸು ‘ನಾಳೆಯ ವಿಷಯವಾಗಿ ಚಿಂತೆ ಮಾಡಬೇಡಿರಿ’ ಎನ್ನುತ್ತಾನೆ. ಹಾಗಿರುವಾಗ ನಾಳೆಯ ರೊಟ್ಟಿಯನ್ನು ಇವತ್ತೇ ಕೇಳು ಎಂದು ಹೇಳಿಕೊಟ್ಟಾನೆಯೇ? ಅಂತಿಯೋಕ್ಯದಲ್ಲಿ ಬೋಧಿಸುತ್ತಿದ್ದ ಕ್ರಿಸೊಸ್ಟೊಮ್‌ಗೆ ಹೀಗೇ ಅನ್ನಿಸಿತ್ತು. ಅವರು ಎಪಿಯೂಸಿಯೊಸ್ ಅಂದರೆ ‘ಎಫೇಮೆರೊಸ್’, ಆ ದಿನದ್ದು ಎಂದೇ ವಿವರಿಸಿದರು. ಅವರೂ ಗ್ರೀಕ್ ಮಾತೃಭಾಷೆಯವರೇ. ಆದ್ದರಿಂದ ‘ಅನುದಿನದ’ ಎಂಬ ನಮ್ಮ ಓದು ಬುಡವಿಲ್ಲದ್ದು ಎನ್ನುವಂತಿಲ್ಲ.

ಆದರೆ ಈ ಪ್ರಾರ್ಥನೆ ಯಾರ ಬಾಯಲ್ಲಿ ಹುಟ್ಟಿತು ಅಂತ ನೋಡಿದರೆ ಆಕ್ಷೇಪಣೆ ಬಹಳಷ್ಟು ಕರಗುತ್ತದೆ. ಮತ್ತಾಯನ 20ನೇ ಅಧ್ಯಾಯದಲ್ಲಿ ದ್ರಾಕ್ಷಿತೋಟದ ಕೂಲಿಗಳ ಕಥೆ ಬರುತ್ತದೆ. ಜನ ಬೆಳಗ್ಗೆಯಿಂದ ಸಂತೆಬೀದಿಯಲ್ಲಿ ಕೆಲಸಕ್ಕೆ ಕಾದು ನಿಂತಿರುತ್ತಾರೆ. ಕೆಲವರನ್ನು ಇಳಿಹೊತ್ತಿನ ತನಕ ಯಾರೂ ಕರೆಯುವುದಿಲ್ಲ. ಸಂಜೆ ಆಗುತ್ತಲೇ ಕೂಲಿ ಬಟವಾಡೆ, ತಲೆಗೊಂದು ದೆನಾರಿ ಎಂಬ ಬೆಳ್ಳಿ ನಾಣ್ಯ. ಕೂಲಿಯವನ ಕೂಲಿಯನ್ನು ಮರುದಿನ ಬೆಳಗಿನ ತನಕ ಇಟ್ಟುಕೊಳ್ಳಬಾರದು ಎಂಬುದು ಯಾಜಕಕಾಂಡದ ಕಟ್ಟಳೆ. ಅದು ಇರುವುದೇ ಇದಕ್ಕೆ. ಸಂಜೆ ಕೈಗೆ ಬಂದ ಕಾಸಿನಿಂದ ಹಿಟ್ಟು ಕೊಳ್ಳಬೇಕು,  ಅದು ಬೇಯಬೇಕು, ಆಮೇಲೆ ಮಕ್ಕಳಿಗೆ ಊಟ. ಇವತ್ತಿನ ದುಡಿಮೆ ಬರುವ ಹೊತ್ತಿನ ರೊಟ್ಟಿ ಆಗುತ್ತದೆ. ದಿನಗೂಲಿಯ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ದಿನದ ರೊಟ್ಟಿ ಮನೆಯಲ್ಲಿ ಇದ್ದರೆ ಆ ರಾತ್ರಿ ನಿದ್ದೆ ಬರುತ್ತದೆ. ‘ಬರುವ ದಿನದ ರೊಟ್ಟಿಯನ್ನು ಇವತ್ತು ಕೊಡು’ ಎನ್ನುವುದು ದುರಾಸೆ ಅಲ್ಲ, ಕೂಡಿಡುವ ಬಯಕೆಯೂ ಅಲ್ಲ. ನಾಳೆಯ ಚಿಂತೆ ಬಿಡು ಎನ್ನುವ ಮಾತೂ, ಚಿಂತೆ ಬಿಡಲು ಆಗುವಷ್ಟು ಕೊಡು ಎನ್ನುವ ಬೇಡಿಕೆಯೂ ಒಂದೇ ಬದುಕಿನಿಂದ ಬಂದವು.

ಸಾಕ್ರಟೀಸನ ಸೆರೆಮನೆಯ ಮಾತು ಇಲ್ಲಿ ನೆರವಿಗೆ ಬರುತ್ತದೆ. ದಿದಾಖೆ ಈ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಬೇಕು ಎನ್ನುತ್ತದೆ. ನಸುಕಿನಲ್ಲಿ ಎದ್ದು ಹೇಳಿದರೆ ಬರುವ ದಿನ ಅಂದರೆ ಇವತ್ತೇ. ರಾತ್ರಿ ಮಲಗುವ ಮುಂಚೆ ಹೇಳಿದರೆ ನಾಳೆ. ಯೆಹೂದ್ಯರಿಗಂತೂ ಹೊಸ ದಿನ ಶುರುವಾಗುವುದೇ ಸೂರ್ಯ ಮುಳುಗಿದ ಮೇಲೆ. ಸಂಜೆಯ ಪ್ರಾರ್ಥನೆಯಲ್ಲಿ ‘ಇವತ್ತು’ ಮತ್ತು ‘ಬರುವ ದಿನ’ ಎರಡೂ ಹತ್ತಿರ ಬಂದುಬಿಡುತ್ತವೆ.

ಮನ್ನದ ಕಥೆಯೂ ಈ ಸಾಲಿನ ಹಿಂದೆ ಇದೆ ಎಂದು ಎಷ್ಟೋ ವಿದ್ವಾಂಸರು ನಂಬುತ್ತಾರೆ, ನಾನೂ ನಂಬುತ್ತೇನೆ. ವಿಮೋಚನಕಾಂಡದ 16ನೇ ಅಧ್ಯಾಯ. ಮರಳುಗಾಡಿನಲ್ಲಿ ದೇವರು ಕೊಟ್ಟ ಆಹಾರವಾದ ಮನ್ನವನ್ನು ಜನ ದಿನಕ್ಕೆ ತಲೆಗೊಂದು ಓಮೆರ್ ಎಂಬ ಅಳತೆಯಂತೆ ಆರಿಸಿಕೊಳ್ಳಬೇಕು. ಆಸೆಬಿದ್ದು ಬೆಳಗಿನ ತನಕ ಇಟ್ಟರೆ ಹುಳು ಬಿದ್ದು ನಾರುತ್ತದೆ. ಆದರೆ ಆರನೇ ದಿನ ಮಾತ್ರ ಎರಡು ಓಮೆರ್. ಮರುದಿನ ಸಬ್ಬತ್ತು, ಆವತ್ತು ಆರಿಸಲು ಹೋಗುವಂತಿಲ್ಲ. ಆ ಒಂದು ದಿನ ಮಾತ್ರ ನಾಳೆಯ ರೊಟ್ಟಿ ಇವತ್ತೇ ಸಿಗುತ್ತದೆ, ಹುಳು ಬೀಳುವುದಿಲ್ಲ. ವಿಶ್ರಾಂತಿಯ ದಿನಕ್ಕಾಗಿ ಮೊದಲೇ ಕೊಟ್ಟ ರೊಟ್ಟಿ ಅದು. ಯೆರೆಮಿಯಾಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಈ ‘ನಾಳೆ’ ಅಂದರೆ ದೇವರ ರಾಜ್ಯ ಬರುವ ದೊಡ್ಡ ನಾಳೆ, ಆ ಔತಣದ ರೊಟ್ಟಿಯನ್ನು ಇವತ್ತೇ ಕೊಡು ಎಂಬ ಪ್ರಾರ್ಥನೆ ಇದು ಎಂದರು. ‘ನಿನ್ನ ರಾಜ್ಯವು ಬರಲಿ’ ಎಂದು ಆಗತಾನೇ ಬೇಡಿದವರ ಬಾಯಲ್ಲಿ ಈ ಅರ್ಥ ಹೊಂದುತ್ತದೆ. ಆದರೆ ಹಸಿದ ಹೊಟ್ಟೆಯನ್ನು ಮರೆಸುವಷ್ಟು ದೂರ ಅದನ್ನು ಎಳೆಯಬಾರದು ಎಂಬುದು ನನ್ನ ಅಭಿಪ್ರಾಯ.

ಕೊನೆಗೆ ಲೋಕದ ತುಂಬ ಗೆದ್ದದ್ದು ‘ದಿನನಿತ್ಯದ’ ಎಂಬ ಪದವೇ. ಜೆರೋಮ್ ಮತ್ತಾಯನಲ್ಲಿ ಪದ ಬದಲಿಸಿದರೂ ಪೂಜೆಯಲ್ಲಿ ಜನ ಹಳೆಯ ‘ಕೊತಿದಿಯಾನುಮ್’ ಬಿಡಲಿಲ್ಲ. ಬಾಯಿಗೆ ಹತ್ತಿದ ಪ್ರಾರ್ಥನೆಯನ್ನು ಬದಲಿಸುವುದು ಕಷ್ಟ. 1522ರಲ್ಲಿ ಲೂಥರ್ ಜರ್ಮನ್‌ಗೆ, 1526ರಲ್ಲಿ ಟಿಂಡೇಲ್ ಇಂಗ್ಲಿಷ್‌ಗೆ ತಂದಾಗಲೂ ‘ದಿನನಿತ್ಯದ ರೊಟ್ಟಿ’ಯೇ ಉಳಿಯಿತು. ಲೂಥರ್ 1529ರ ತಮ್ಮ ಕಿರು ಪ್ರಶ್ನೋತ್ತರ ಪಾಠದಲ್ಲಿ ಈ ರೊಟ್ಟಿ ಎಂದರೆ ಏನೇನು ಎಂದು ಪಟ್ಟಿ ಕೊಟ್ಟಿದ್ದಾರೆ. ಊಟ, ನೀರು, ಬಟ್ಟೆ, ಚಪ್ಪಲಿ, ಮನೆ, ಹೊಲ, ದನಕರು, ದುಡ್ಡು, ಒಳ್ಳೆಯ ಸಂಗಾತಿ, ಒಳ್ಳೆಯ ಸರ್ಕಾರ, ಹದವಾದ ಹವೆ, ಶಾಂತಿ, ಆರೋಗ್ಯ, ನಂಬಿಕಸ್ಥ ನೆರೆಯವರು. ಪದದ ವ್ಯುತ್ಪತ್ತಿ ಅವರಿಗೆ ಮುಖ್ಯವಾಗಿರಲಿಲ್ಲ, ಆದರೆ ‘ಬದುಕಲು ಬೇಕಾದದ್ದು’ ಎಂಬ ಹಳೆಯ ಅರ್ಥ ಆ ಪಟ್ಟಿಯೊಳಗೆ ತಾನಾಗಿ ಬಂದು ಕೂತಿದೆ.

ಕನ್ನಡದಲ್ಲೂ ‘ಅನುದಿನದ’ ಬದಲಿಸಬೇಕು ಅಂತ ನಾನು ಹೇಳುವುದಿಲ್ಲ. ತಲೆಮಾರುಗಳಿಂದ ಹೇಳಿಕೊಂಡು ಬಂದ ಸಾಲು ಅದು, ಬಹಳ ಹಳೆಯ ಓದಿನ ಬೆಂಬಲವೂ ಇದೆ. ಆದರೆ ಒಂದು ಅಡಿಟಿಪ್ಪಣಿ ಬೇಕೇಬೇಕು. 1946ರ ಇಂಗ್ಲಿಷಿನ ಪರಿಷ್ಕೃತ ಹೊಸ ಒಡಂಬಡಿಕೆ ಈ ವಚನದ ಕೆಳಗೆ ‘ಅಥವಾ: ನಾಳಿನ ನಮ್ಮ ರೊಟ್ಟಿ’ ಎಂದು ಕೊಟ್ಟಿದೆ. ನಿಮ್ಮ ಮನೆಯ ಬೈಬಲಿನಲ್ಲಿ ಮತ್ತಾಯ 6:11ರ ಕೆಳಗೆ ಏನಾದರೂ ಇದೆಯೇ ಒಮ್ಮೆ ನೋಡಿ. ಇಲ್ಲದಿದ್ದರೆ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳಬಹುದು: ‘ಗ್ರೀಕ್ ಪದ ಎಪಿಯೂಸಿಯೊಸ್. ಇತರ ಅರ್ಥಗಳು: ಬರುವ ದಿನದ; ಬದುಕಿಗೆ ಬೇಕಾದ.’